ಎಐ ಬರೆದುಕೊಡುವಾಗ ಇನ್ನು ಯೋಚಿಸುವುದೇಕೆ?

ಕರಪತ್ರ, ಜಾಹೀರಾತು, ಲೇಖನ, ಪೋಸ್ಟರ್ ಅಂತ ಕೆಲಸ ಮಾಡುವವರಿಗೆ 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಒಂದು ಪ್ರಶ್ನೆ ತಪ್ಪಿದ್ದಲ್ಲ. "ಎಐ ಅರ್ಧ ನಿಮಿಷದಲ್ಲಿ ಬರೆದುಕೊಡುತ್ತೆ. ನೀವು ಎರಡು ದಿನ ಕೂತು ಅದೇನು ಯೋಚನೆ ಮಾಡ್ತೀರಿ?" ಕೇಳುವುದರಲ್ಲಿ ತಪ್ಪೇನಿಲ್ಲ. ದುಡ್ಡು ಕೊಡುವವರು ಕೇಳಲೇಬೇಕು.

ಎಐ ಕೊಟ್ಟ ಬರಹದಲ್ಲಿರುವ ತಪ್ಪನ್ನು ಓದಿ ಹಿಡಿಯಬಹುದು. ಅದರಲ್ಲಿ ಇಲ್ಲದ್ದನ್ನು ಎಷ್ಟು ಸಲ ಓದಿದರೂ ಹಿಡಿಯಲಾಗದು. ಅದು ಕಾಣುವುದು ಮೊದಲೇ ಯೋಚಿಸಿಕೊಂಡು ಬಂದವರಿಗೆ ಮಾತ್ರ. ನನ್ನ ಉತ್ತರ ಇಷ್ಟೇ. ಬರೀ ಮಾತಿನಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಒಂದು ಕರಪತ್ರ ಹಿಡಿದು ನೋಡೋಣ.

ಬೆಂಗಳೂರಿನ ಒಂದು ಬಡಾವಣೆಯ ನಿವಾಸಿಗಳ ಸಂಘಕ್ಕೆ ಮಳೆಕೊಯ್ಲಿನ ಬಗ್ಗೆ ಒಂದು ಹಾಳೆಯ ಕರಪತ್ರ ಬೇಕು ಅಂದುಕೊಳ್ಳಿ. ಎಐಗೆ ಅಷ್ಟನ್ನೇ ಹೇಳಿದರೆ ಬರುವುದು ಹೆಚ್ಚುಕಡಿಮೆ ಹೀಗೆ: ಮೇಲೆ ಪ್ರತಿ ಹನಿಯೂ ಅಮೂಲ್ಯ ಎಂಬ ಸಾಲು, ಕೆಳಗೆ ಐದು ಪ್ರಯೋಜನ, ಆಮೇಲೆ ಚಾವಣಿ, ಪೈಪು, ಫಿಲ್ಟರ್, ಟ್ಯಾಂಕ್ ಎಂದು ನಾಲ್ಕು ಹಂತ, ಕೊನೆಗೆ "ಬನ್ನಿ, ಕೈಜೋಡಿಸೋಣ". ಒಂದು ವಾಕ್ಯವೂ ತಪ್ಪಲ್ಲ, ಕಾಗುಣಿತವೂ ಸರಿ. ಓದಿದವರು ತಲೆಯಾಡಿಸಿ ಮಡಚಿಡುತ್ತಾರೆ.

ಲೆಕ್ಕ ಕೊಡು ಎಂದರೆ ಅದನ್ನೂ ಕೊಡುತ್ತದೆ, ಸರಿಯಾಗಿಯೇ. 1,000 ಚದರ ಅಡಿ ಚಾವಣಿ ಎಂದರೆ ಸುಮಾರು 93 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನ ವರ್ಷದ ಮಳೆ ಸುಮಾರು 970 ಮಿ.ಮೀ. ಆವಿಯಾಗಿ, ಚೆಲ್ಲಿ ಹೋಗುವುದನ್ನು ಕಳೆದು ಶೇ. 85ರಷ್ಟು ಸಿಗುತ್ತದೆಂದು ಹಿಡಿದರೆ ವರ್ಷಕ್ಕೆ 76,000 ಲೀಟರಿಗೂ ಹೆಚ್ಚು. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರ ಮನೆಗೆ 540 ಲೀಟರ್ ಬೇಕು. ಅಲ್ಲಿಗೆ 140 ದಿನದ ನೀರು! ದಪ್ಪಕ್ಷರದಲ್ಲಿ ಹಾಕಲು ಹೇಳಿ ಮಾಡಿಸಿದ ಸಂಖ್ಯೆ.

ಆದರೆ ಆ ಮಳೆ ದಿನಕ್ಕಿಷ್ಟು ಅಂತ ಹಂಚಿಕೊಂಡು ಬೀಳುವುದಿಲ್ಲ. ಸೆಪ್ಟೆಂಬರಿನ ಒಂದು ಸಂಜೆ 40 ಮಿ.ಮೀ. ಸುರಿದರೆ ಅದೇ ಚಾವಣಿಯಿಂದ 3,100 ಲೀಟರಿಗೂ ಹೆಚ್ಚು ಇಳಿಯುತ್ತದೆ. ಮನೆಯಲ್ಲಿ 2,000 ಲೀಟರಿನ ಟ್ಯಾಂಕ್ ಇಟ್ಟಿದ್ದರೆ ಅದು 25 ಮಿ.ಮೀ. ಮಳೆಗೇ ತುಂಬಿತು. ಮರುದಿನ ಸಂಜೆಯ ಹೊತ್ತಿಗೆ ಮನೆಯವರು ಖರ್ಚು ಮಾಡಿರುವುದು 540 ಲೀಟರ್. ಮತ್ತೆ ಅಷ್ಟೇ ಮಳೆ ಬಂದರೆ ಖಾಲಿಯಾದಷ್ಟು ತುಂಬಿಕೊಂಡು ಉಳಿದದ್ದೆಲ್ಲ ಚರಂಡಿಗೆ. ಇನ್ನು ಜನ ನೀರಿಗೆ ಪರದಾಡುವುದು ಮಾರ್ಚ್, ಏಪ್ರಿಲ್‌ನಲ್ಲಿ. 2024ರಲ್ಲಿ ಊರೆಲ್ಲ ಟ್ಯಾಂಕರಿಗೆ ಕಾದದ್ದೂ ಆಗಲೇ. ಅದಕ್ಕೂ ಹಿಂದಿನ ಎರಡು ತಿಂಗಳು ಮಳೆ ಇಲ್ಲವೆನ್ನುವಷ್ಟು ಕಡಿಮೆ. ತುಂಬಿಟ್ಟ 2,000 ಲೀಟರ್ ನಾಲ್ಕು ದಿನಕ್ಕೆ ಮುಗಿಯುತ್ತದೆ. 140 ದಿನ ಎಂದು ಓದಿ ಟ್ಯಾಂಕ್ ಕೂರಿಸಿದವರು ಬೇಸಿಗೆಯಲ್ಲಿ ಸಂಘದವರನ್ನು ಬೈಯುತ್ತಾರೆ, ಪಕ್ಕದ ಮನೆಯವರಿಗೂ "ಅದೆಲ್ಲ ದಂಡ ಬಿಡಿ" ಅನ್ನುತ್ತಾರೆ. ಕರಪತ್ರ ಹಂಚದಿದ್ದರೇ ವಾಸಿಯಿತ್ತು.

ಅಂದರೆ ಲೆಕ್ಕ ಸರಿ, ಅದನ್ನೋದಿ ಹುಟ್ಟುವ ನಂಬಿಕೆ ತಪ್ಪು. ಕರಪತ್ರ ಹೇಳಬೇಕಾದ್ದು ಬೇರೆ. ಮಳೆಗಾಲದಲ್ಲಿ ಮಳೆನೀರನ್ನೇ ಸೋಸಿ ನೆಲದಡಿಯ ಸಂಪಿನ ತೊಟ್ಟಿಗೆ ಬಿಟ್ಟು ಬಳಸಿ, ಆ ದಿನಗಳಲ್ಲಿ ಬೋರ್‌ವೆಲ್ಲಿಗೆ ಬಿಡುವು ಕೊಡಿ, ಹೆಚ್ಚಾದದ್ದನ್ನು ಇಂಗುಬಾವಿಗೆ ಹರಿಸಿ. 3 ಅಡಿ ಅಗಲ, 20 ಅಡಿ ಆಳದ ಇಂಗುಬಾವಿ ಒಂದು ಸಲಕ್ಕೆ ಸುಮಾರು 4,000 ಲೀಟರ್ ಹಿಡಿಯುತ್ತದೆ. ಹಿಡಿದದ್ದು ಮಣ್ಣಿಗಿಳಿದು ಮುಂದಿನ ಮಳೆಗೆ ಜಾಗವಾಗುತ್ತದೆ. ಕೆಳಗೆ ಬಂಡೆಯೋ ಜೇಡಿಮಣ್ಣೋ ಇದ್ದರೆ ಮಾತು ಬೇರೆ, ಅದನ್ನೂ ಒಂದು ಸಾಲಿನಲ್ಲಿ ಹೇಳಬೇಕು.

ಚಿತ್ರದ್ದೂ ಇದೇ ಪಾಡು. ಮೊದಲ ಮಳೆಯ ಕೊಳೆನೀರನ್ನು ಬೇರ್ಪಡಿಸುವ ಪೈಪು ಎಐ ಬಿಡಿಸಿದ ಚಿತ್ರದಲ್ಲಿ ಗೋಡೆಗಂಟಿಕೊಂಡು ಎರಡಡಿ ಉದ್ದಕ್ಕೆ ಅಚ್ಚುಕಟ್ಟಾಗಿ ನಿಂತಿರುತ್ತದೆ. ಚಾವಣಿಯ ಧೂಳು, ಪಾರಿವಾಳದ ಹಿಕ್ಕೆ ತೊಳೆದು ಹೋಗಲು ಮೊದಲ 2 ಮಿ.ಮೀ. ಮಳೆಯನ್ನು ಹೊರಗೆ ಬಿಡಬೇಕು ಎಂದಿಟ್ಟುಕೊಂಡರೆ, ನಮ್ಮ 93 ಚದರ ಮೀಟರಿಗೆ 186 ಲೀಟರ್ ಆಯಿತು. 4 ಇಂಚಿನ ಪೈಪು ಮೀಟರಿಗೆ ಹಿಡಿಯುವುದು 8 ಲೀಟರ್, ಎರಡಡಿಗೆ ಬರೀ 5 ಲೀಟರ್. ಉಳಿದ ಕೊಳೆಯೆಲ್ಲ ನೇರವಾಗಿ ಸಂಪಿನೊಳಕ್ಕೆ. ಇದಕ್ಕೆ 200 ಲೀಟರಿನ ಡ್ರಮ್ ಬೇಕು. ಇಲ್ಲವೇ ಇಳಿಪೈಪಿನ ಬುಡಕ್ಕೊಂದು ವಾಲ್ವ್ ಇಟ್ಟು, ಮೊದಲ ಹತ್ತು ಹದಿನೈದು ನಿಮಿಷದ ನೀರನ್ನು ಕೈಯಾರೆ ಹೊರಗೆ ಬಿಡಬೇಕು. ಪ್ಲಂಬರ್ ಪೈಪು ಕೂರಿಸುವುದು ಪಕ್ಕದ ಬರಹ ಓದಿ ಅಲ್ಲ, ಚಿತ್ರ ನೋಡಿ.

ಹೀಗೆ ಪ್ಲಂಬರನ ಮಾತು ಬಂದಾಗಲೇ ಇನ್ನೊಂದು ಪ್ರಶ್ನೆ ಏಳುತ್ತದೆ: ಈ ಹಾಳೆ ಯಾರಿಗಾಗಿ? ಮಾಡಿಸುವವರು ಮನೆ ಮಾಲೀಕರು, ಮಾಡುವವರು ಪ್ಲಂಬರ್. ಹಾಗಾದರೆ ಒಂದು ಬದಿ ಮಾಲೀಕರಿಗೆ, ಹಿಂಬದಿ ಪೂರ್ತಿ ಪ್ಲಂಬರಿಗೆ: ಅಳತೆ, ಇಳಿಜಾರು, ವಾಲ್ವಿನ ಜಾಗ. ಇಷ್ಟು ತೀರ್ಮಾನವಾದ ಮೇಲೆ ಬರೆಯುವುದು ನಿಜಕ್ಕೂ ಅರ್ಧ ನಿಮಿಷದ ಕೆಲಸ, ಎಐಗೇ ಕೊಟ್ಟರೂ ಆದೀತು. ಎರಡು ದಿನ ಹಿಡಿಯುವುದು ಅದಕ್ಕೆ ಮುಂಚಿನದು.

ಎಐ ದಡ್ಡ ಅಂತಲ್ಲ. "ಒಂದು ಜೋರು ಮಳೆಗೆ ಟ್ಯಾಂಕ್ ತುಂಬಿ ಚೆಲ್ಲುತ್ತದೆಯೇ?" ಎಂದು ಕೇಳಿದ್ದರೆ ಮೇಲಿನ ಲೆಕ್ಕವನ್ನೆಲ್ಲ ಅದೇ ಮಾಡಿಕೊಡುತ್ತಿತ್ತು. ನಾವು ಕೇಳಲಿಲ್ಲ, ಅದು ಹೇಳಲಿಲ್ಲ. ಇದುವರೆಗಿನ ಪಠ್ಯದ ಮುಂದೆ ಯಾವ ತುಣುಕು ಬರುವ ಸಂಭವ ಹೆಚ್ಚು ಎಂದು ಅಂದಾಜು ಮಾಡುತ್ತ ಹೋಗುವುದು ಭಾಷಾ ಮಾದರಿಯ ಮೂಲ ಕೆಲಸ. ಹಾಗಾಗಿ ಬರೀ "ಮಳೆಕೊಯ್ಲಿನ ಕರಪತ್ರ" ಎಂದರೆ ಅಂಥ ಕರಪತ್ರಗಳೆಲ್ಲ ಹೇಳುವ ನಡುಮಟ್ಟದ ಮಾತೇ ಮೊದಲು ಬರುತ್ತದೆ, ಮದುವೆಮನೆಯ ಪಲ್ಯದ ಹಾಗೆ: ಯಾರಿಗೂ ಬೇಡ ಅನ್ನಿಸುವುದಿಲ್ಲ, ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಕನ್ನಡದಲ್ಲಿ ಇನ್ನೊಂದು ತೊಡಕುಂಟು. ಅಂತರ್ಜಾಲದಲ್ಲಿ ಇಂಗ್ಲಿಷಿನ ಮುಂದೆ ಕನ್ನಡ ಬರಹ ತೀರಾ ಕಡಿಮೆ, ಆದ್ದರಿಂದ ಇಲ್ಲಿಯ ಸಂಪು, ಇಲ್ಲಿಯ ಕಾನೂನು ಹಿಂದೆ ಬಿದ್ದು ಬೇರೆ ಊರಿನದು ಮುಂದೆ ಬರುವುದುಂಟು. ಬೆಂಗಳೂರು ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ಆದ ತಿದ್ದುಪಡಿ, 2,400 ಚದರ ಅಡಿ ಸೈಟಿನಿಂದ ಮೇಲಿನ ಹಳೆ ಕಟ್ಟಡಗಳಿಗೆ, 1,200 ಚದರ ಅಡಿಯಿಂದ ಮೇಲಿನ ಹೊಸ ಕಟ್ಟಡಗಳಿಗೆ ಮಳೆಕೊಯ್ಲನ್ನು ಕಡ್ಡಾಯ ಮಾಡಿತು. ತಮಿಳುನಾಡು 2003ರಲ್ಲೇ ಎಲ್ಲ ಕಟ್ಟಡಗಳಿಗೂ ಕಡ್ಡಾಯ ಮಾಡಿತ್ತು. ಎರಡನ್ನೂ ಕಲಸಿ "ಎಲ್ಲರಿಗೂ ಕಡ್ಡಾಯ" ಎಂದು ಅಚ್ಚು ಹಾಕಿಸಿದರೆ 20×30 ಸೈಟಿನವರು ಜಗಳಕ್ಕೆ ಬರುವುದು ಗ್ಯಾರಂಟಿ.

ಇದು ಕರಪತ್ರಕ್ಕಷ್ಟೇ ಸೇರಿದ ಮಾತಲ್ಲ. 2023ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನವರೂ ಸೇರಿ ಕೆಲವು ಸಂಶೋಧಕರು ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪಿನ 758 ಮಂದಿ ಸಲಹೆಗಾರರಿಗೆ ಎರಡು ಬಗೆಯ ಕೆಲಸ ಹಂಚಿಕೊಟ್ಟು ನೋಡಿದರು. ಹೊಸ ಉತ್ಪನ್ನಕ್ಕೆ ಐಡಿಯಾ ಹುಡುಕುವುದು, ಅದರ ಬಗ್ಗೆ ಬರೆಯುವುದು ಇಂಥ ಕೆಲಸದಲ್ಲಿ ಜಿಪಿಟಿ-4 ಎಂಬ ಎಐ ಬಳಸಿದವರು ಶೇ. 25ರಷ್ಟು ಬೇಗ ಮುಗಿಸಿದರು, ಗುಣಮಟ್ಟವೂ ಬಹಳ ಮೇಲಿತ್ತು. ಇನ್ನೊಂದು ಕೆಲಸದಲ್ಲಿ ಕೋಷ್ಟಕದ ಅಂಕಿ ಒಂದು ಉತ್ತರ ತೋರಿಸುತ್ತಿತ್ತು. ಜೊತೆಗಿದ್ದ ಸಂದರ್ಶನಗಳನ್ನು ನಿಧಾನವಾಗಿ ಓದಿದರೆ ಆ ಉತ್ತರ ತಪ್ಪೆಂದು ಗೊತ್ತಾಗುತ್ತಿತ್ತು. ಅಲ್ಲಿ ಎಐ ಇಲ್ಲದವರಲ್ಲಿ ಶೇ. 84 ಮಂದಿ ಸರಿಯುತ್ತರ ಕೊಟ್ಟರು, ಎಐ ಬಳಸಿದವರಲ್ಲಿ ಶೇ. 60ರಿಂದ 70. ಒಂದೇ ಕಂಪನಿಯ ಜನ, ಒಂದೇ ಎಐ! ಮುಂದಿರುವುದು ಯಾವ ಬಗೆಯ ಕೆಲಸ ಎಂದು ಗುರುತಿಸುವುದೇ ಮೊದಲ ಯೋಚನೆ.

ಕಥೆ ಬರೆಯುವವರಿಗೆ ಹತ್ತಿರದ್ದು ಇನ್ನೊಂದಿದೆ. ಅನಿಲ್ ದೋಶಿ, ಆಲಿವರ್ ಹೌಸರ್ ಎಂಬ ಇಬ್ಬರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಐನಿಂದ ಐಡಿಯಾ ಪಡೆದು ಬರೆದ ಪುಟ್ಟ ಕಥೆಗಳು ಬಿಡಿಬಿಡಿಯಾಗಿ ಓದಿದಾಗ ಚೆನ್ನಾಗಿವೆ ಅನ್ನಿಸಿಕೊಂಡವು, ಒಟ್ಟಿಗೆ ಇಟ್ಟು ನೋಡಿದರೆ ಒಂದನ್ನೊಂದು ಹೋಲುತ್ತಿದ್ದವು. ಬರೆದವರಿಗೆ ಇದು ತಿಳಿಯುವ ದಾರಿಯೇ ಇಲ್ಲ, ಅವರ ಮುಂದಿರುವುದು ಅವರದೊಂದೇ ಕಥೆ.

ಹಾಗಾದರೆ ಯೋಚಿಸುವುದು ಎಂದರೆ ಕೂತು ಏನು ಮಾಡುವುದು? ಎಐ ತೆರೆಯುವ ಮೊದಲು ಒಂದು ಹಾಳೆ, ಒಂದು ಪೆನ್ನು, ಮುಕ್ಕಾಲು ಗಂಟೆ. ಓದಿದವರು ನಾಳೆ ಬೆಳಿಗ್ಗೆ ಏನು ಮಾಡಬೇಕು ಎಂದು ಮೊದಲು ಬರೆಯಿರಿ. "ಜಾಗೃತಿ ಮೂಡಬೇಕು" ಎಂಬುದು ಉತ್ತರವಲ್ಲ. "ಪ್ಲಂಬರನ್ನು ಕರೆಸಿ ಚಾವಣಿ ಅಳೆಸಬೇಕು" ಎಂಬುದು ಉತ್ತರ. ಅವರನ್ನು ತಡೆಯುತ್ತಿರುವುದೇನು ಎಂದು ಆಮೇಲೆ: ಖರ್ಚೋ, ಸೊಳ್ಳೆಯ ಭಯವೋ, ಬಾಡಿಗೆ ಮನೆಯೋ. ಕೊನೆಗೆ ನೀವು ಹೇಳಹೊರಟದ್ದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ, ಒಬ್ಬರಾದರೂ ಅಲ್ಲ ಎನ್ನಬಹುದಾದ ವಾಕ್ಯ. "ನೀರು ಅಮೂಲ್ಯ" ಎಂದರೆ ಯಾರೂ ಜಗಳಕ್ಕೆ ಬರುವುದಿಲ್ಲ, ಅಂದರೆ ಯೋಚನೆ ಇನ್ನೂ ಶುರುವಾಗಿಲ್ಲ. "ಟ್ಯಾಂಕಿಗಿಂತ ಮೊದಲು ಇಂಗುಬಾವಿ ಮಾಡಿಸಿ" ಎಂದರೆ ಬರುತ್ತಾರೆ.

ಇದಾದ ಮೇಲೆ ಒಂದೇ ಒಂದು ಉದಾಹರಣೆಯನ್ನು ಕೊನೆ ಮುಟ್ಟುವವರೆಗೆ ಕೈಯಲ್ಲೇ ಮಾಡಿನೋಡಬೇಕು. ಮಳೆಕೊಯ್ಲಾದರೆ ಒಂದು ಮನೆ, ಸೀರೆ ಅಂಗಡಿಯ ಜಾಹೀರಾತಾದರೆ ಬಾಗಿಲಿನಿಂದ ಬಿಲ್ಲಿನವರೆಗೆ ಒಬ್ಬ ಗಿರಾಕಿ, ಕಥೆಯಾದರೆ ಒಂದು ಪಾತ್ರದ ಒಂದು ದಿನ. ಟ್ಯಾಂಕ್ ಚೆಲ್ಲುವುದು ಕಂಡದ್ದು ಸರಾಸರಿಯಿಂದಲ್ಲ, ಎರಡು ಸಂಜೆಯ ಮಳೆಯನ್ನು ಒಂದು ಮನೆಯ ಮೇಲೆ ಸುರಿಸಿ ನೋಡಿದ್ದರಿಂದ. ನನ್ನ ಕೇಳಿದರೆ ಇಡೀ ಕೆಲಸದಲ್ಲಿ ಇದೊಂದನ್ನು ಮಾತ್ರ ಬಿಡಬಾರದು.

ಎಐ ಬೇಕಾಗುವುದು ಈಗ. "ಬರೆದುಕೊಡು" ಎನ್ನುವ ಬದಲು, "ಇದು ಪ್ಲಂಬರಿಗೆ ಬರೆದ ಸೂಚನೆ, ಎಲ್ಲೆಲ್ಲಿ ತಪ್ಪಾಗಿ ಅರ್ಥ ಮಾಡಿಕೊಳ್ಳಬಹುದು ಹೇಳು", "ಇದನ್ನು ಒಪ್ಪದ ಮನೆ ಮಾಲೀಕರ ಐದು ತಕರಾರು ಕೊಡು" ಎಂದು ಕೇಳಿ. ಐದರಲ್ಲಿ ಎರಡು ಕೆಲಸಕ್ಕೆ ಬಂದರೆ ಲಾಭವೇ. ಬಂದ ಪ್ರತಿ ಸಂಖ್ಯೆಯನ್ನು ಕ್ಯಾಲ್ಕುಲೇಟರಿನಲ್ಲಿ ಮತ್ತೆ ಮಾಡಿ. ಕಾಯ್ದೆ, ನಿಯಮ, ದರ ಏನಿದ್ದರೂ ಆಯಾ ಇಲಾಖೆಯ ಕಾಗದ ನೋಡಿಯೇ ಹಾಕಿ.

ಕೆಡುವುದು ಹೆಚ್ಚಾಗಿ ಕ್ರಮ ತಿರುಗುಮುರುಗಾದಾಗ. ಮೊದಲು ಎಐ ಕರಡು ತೆಗೆದುಕೊಂಡು ಆಮೇಲೆ "ತಿದ್ದೋಣ" ಎಂದು ಕೂತರೆ ಕೈ ಪದಗಳ ಮೇಲೆ ಓಡಾಡುತ್ತದೆ, ಚೌಕಟ್ಟು ಅಲುಗುವುದಿಲ್ಲ. ಐದು ಪ್ರಯೋಜನದ ಪಟ್ಟಿಯನ್ನು ನಾಲ್ಕು ಮಾಡುತ್ತೀರಿ, ಪಟ್ಟಿಯೇ ಬೇಡ ಎಂದು ಹೊಳೆಯುವುದಿಲ್ಲ. ಹತ್ತು ಆಯ್ಕೆ ಕೇಳಿ ಒಂದನ್ನು ಆರಿಸುವುದೂ ಯೋಚನೆಯಂತೆ ಕಾಣುತ್ತದೆ, ಆದರೆ ಆ ಹತ್ತೂ ಒಂದೇ ಪ್ರಶ್ನೆಗೆ ಬಂದ ಉತ್ತರಗಳು. "ಇದು ಸರಿಯೇ?" ಎಂದು ಎಐಯನ್ನೇ ಕೇಳುವುದರಿಂದಲೂ ಹೆಚ್ಚು ಪ್ರಯೋಜನವಿಲ್ಲ. ಸ್ವಲ್ಪ ಒತ್ತಿ ಕೇಳಿದರೆ ಸರಿಯಿದ್ದ ಉತ್ತರವನ್ನೂ ಕ್ಷಮೆ ಕೇಳಿ ಬದಲಿಸಿಬಿಡುವುದುಂಟು.

"ನಾಳೆ ಆ ಪ್ರಶ್ನೆಗಳನ್ನೂ ಎಐಯೇ ಕೇಳಿಕೊಂಡರೆ?" ಎನ್ನುತ್ತಾರೆ. ಈಗಲೂ ಒಂದಷ್ಟು ಮಾಡುತ್ತದೆ. "ನಾನು ಕೇಳದೆ ಬಿಟ್ಟದ್ದೇನು?" ಎಂದರೆ ಇಪ್ಪತ್ತು ಪ್ರಶ್ನೆ ಪಟ್ಟಿ ಮಾಡುತ್ತದೆ, ಅದರಲ್ಲಿ ಟ್ಯಾಂಕಿನದೂ ಇರಬಹುದು. ಇಪ್ಪತ್ತರಲ್ಲಿ ಆ ಒಂದೇ ಮುಖ್ಯ ಎಂದು ಬೆರಳಿಡಬೇಕಾದರೆ ಈ ಬಡಾವಣೆಯವರು ಯಾಕೆ ಕೇಳುತ್ತಿದ್ದಾರೆ, ಹೋದ ಬೇಸಿಗೆಯಲ್ಲಿ ಏನಾಗಿತ್ತು ಎಂದು ಗೊತ್ತಿರಬೇಕು. ಅದನ್ನು ಅವರಿಂದಲೇ ಕೇಳಿ ತಿಳಿಯಬೇಕು.

ನನಗೆ ಹೆಚ್ಚು ಚಿಂತೆ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರದು. ಇಲ್ಲದ್ದನ್ನು ಕಾಣುವ ಕಣ್ಣು ಬರುತ್ತಿದ್ದದ್ದು ಕೆಟ್ಟ ಕರಡುಗಳನ್ನು ಬರೆದು, ಹಿರಿಯರ ಕೆಂಪು ಗೆರೆ ತಿಂದು. ಈಗ ಮೊದಲ ದಿನವೇ ಕರಡು ಚೆಂದಾಗಿ ಬರುತ್ತದೆ, ಗೆರೆ ಹಾಕಲು ಜಾಗವೇ ಇರುವುದಿಲ್ಲ. ಅವರಿಗೆ ಹೇಳುವುದು ಇಷ್ಟು: ಮೊದಲ ಕೆಲವು ತಿಂಗಳು ಪ್ರತಿ ಕೆಲಸದ ಕರಡನ್ನು ಮೊದಲು ನೀವೇ ಬರೆಯಿರಿ. ಆಮೇಲೆ ಎಐಯದ್ದನ್ನು ತೆಗೆದು ಎರಡನ್ನೂ ಅಕ್ಕಪಕ್ಕ ಇಡಿ. ಅದರಲ್ಲಿದ್ದು ನಿಮ್ಮದರಲ್ಲಿಲ್ಲದ್ದನ್ನು ಒಂದು ಬಣ್ಣದಲ್ಲಿ, ನಿಮ್ಮದರಲ್ಲಿದ್ದು ಅದರಲ್ಲಿಲ್ಲದ್ದನ್ನು ಇನ್ನೊಂದು ಬಣ್ಣದಲ್ಲಿ ಗುರುತು ಮಾಡಿ. ಎರಡನೆಯ ಬಣ್ಣ ಹೆಚ್ಚುತ್ತಿದೆಯೇ ಎಂದು ತಿಂಗಳಿಗೊಮ್ಮೆ ನೋಡಿಕೊಳ್ಳಿ.

ಎಲ್ಲದಕ್ಕೂ ಇಷ್ಟು ಯೋಚಿಸಬೇಕಿಲ್ಲ. ಸಂಘದ ವಾರ್ಷಿಕ ಸಭೆಯ ನೋಟಿಸ್, ನೀರಿನ ಪೈಪು ರಿಪೇರಿಯ ಪ್ರಕಟಣೆ, ವಂದನಾಪತ್ರ, ಹೋದ ವರ್ಷದ್ದನ್ನೇ ಸ್ವಲ್ಪ ಬದಲಿಸಬೇಕಾದ ಆಹ್ವಾನ, ಇವನ್ನೆಲ್ಲ ಕಣ್ಣುಮುಚ್ಚಿ ಎಐಗೆ ಕೊಡಿ. ತಾರೀಖಿಗೂ ವಾರಕ್ಕೂ ತಾಳೆಯಾಗುತ್ತದೆಯೇ ಎಂದು ಮಾತ್ರ ಕ್ಯಾಲೆಂಡರ್ ನೋಡಿಕೊಂಡು ಕಳಿಸಿ.