ಕ್ವಾಂಡೋ ದಡದಲ್ಲಿ ಒಂದು ಬೇಟೆ, ಒಂದು ಲೆಕ್ಕ

ಸೆಪ್ಟೆಂಬರ್ 14, 2024, ಶನಿವಾರ
ಕೊಂಗೋಲಾ ಸಮೀಪ, ಜಾಂಬೆಜಿ ಪ್ರಾಂತ್ಯ, ನಮೀಬಿಯಾ

ಬೆಳಗಿನ ಐದೂಕಾಲಕ್ಕೆ ಹೊರಟವರು ಕತ್ತಲಾಗುವ ಹೊತ್ತಿಗೆ ಶಿಬಿರಕ್ಕೆ ಮರಳಿದ್ದೇವೆ. ಬೂಟಿನೊಳಗೆ ಇನ್ನೂ ಮರಳು ಇದೆ. ಅಂಗಿಯ ತೋಳಿನ ಮೇಲೆ ರಕ್ತದ ಕಲೆಯಿದೆ, ಅದು ಕೋಣದ್ದು. ತೊಳೆಯುವ ಮೊದಲು ಬರೆದುಬಿಡುತ್ತೇನೆ.

ನಾನು ಇಲ್ಲಿಗೆ ಬಂದದ್ದು ಬೇಟೆಗಲ್ಲ, ಲೆಕ್ಕ ನೋಡುವುದಕ್ಕೆ. ವಿಂಡ್‌ಹುಕ್‌ನಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದಾರಿ. ಅದರ ಕೊನೆಯ ಭಾಗ ಬ್ವಾಬ್ವಾಟಾ ರಾಷ್ಟ್ರೀಯ ಉದ್ಯಾನದ ನಡುವೆ ಗೆರೆ ಎಳೆದಂತೆ ಸಾಗುತ್ತದೆ. ಕ್ವಾಂಡೋ ನದಿಯ ಸೇತುವೆ ದಾಟಿದರೆ ಕೊಂಗೋಲಾ. ಇಲ್ಲಿನ ಒಂದು ಕನ್ಸರ್ವೆನ್ಸಿಯ ವರ್ಷದ ವೋಚರ್‌ಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಕನ್ಸರ್ವೆನ್ಸಿ ಎಂದರೆ ಸರ್ಕಾರದ ಇಲಾಖೆಯೂ ಅಲ್ಲ, ಕಂಪನಿಯೂ ಅಲ್ಲ. 1996ರ ಕಾನೂನು ತಿದ್ದುಪಡಿಯಂತೆ, ಸಮುದಾಯದ ಜಮೀನಿನಲ್ಲಿ ಬದುಕುವ ಜನ ತಮ್ಮ ಗಡಿಯನ್ನು ತಾವೇ ಗುರುತಿಸಿ, ಸದಸ್ಯರ ಪಟ್ಟಿ ಮಾಡಿ, ಸಮಿತಿ ಆರಿಸಿಕೊಂಡರೆ ಆ ಗಡಿಯೊಳಗಿನ ವನ್ಯಪ್ರಾಣಿಗಳಿಂದ ಬರುವ ಆದಾಯದ ಹಕ್ಕು ಅವರಿಗೇ ಸಿಗುತ್ತದೆ. ಅದಕ್ಕೂ ಮೊದಲು ಇಂಥ ಹಕ್ಕು ಇದ್ದದ್ದು ಸ್ವಂತ ಜಮೀನಿನ ಬಿಳಿಯ ರೈತರಿಗೆ ಮಾತ್ರ. 1998ರಲ್ಲಿ ನಾಲ್ಕು ಕನ್ಸರ್ವೆನ್ಸಿಗಳಿಂದ ಶುರುವಾದದ್ದು ಈಗ 86 ಆಗಿದೆ. ದೇಶದ ಸುಮಾರು ಐದನೇ ಒಂದು ಭಾಗ ನೆಲ ಇವುಗಳ ಕೈಯಲ್ಲಿದೆ.

ಮೂರು ದಿನ ಪುಸ್ತಕಗಳನ್ನು ನೋಡಿದ ಮೇಲೆ ಒಂದು ವಿಷಯ ಸ್ಪಷ್ಟವಾಯಿತು: ಆದಾಯದ ಪುಟದ ಅತಿ ದೊಡ್ಡ ಸಾಲು ಬೇಟೆಯದು, ಹೊರಗಿನವರು ಹಣ ಕೊಟ್ಟು ಆಡುವ ಬೇಟೆ. ಎಷ್ಟು ಎಂದು ಇಲ್ಲಿ ಬರೆಯುವುದಿಲ್ಲ, ಗ್ರಾಹಕರ ಲೆಕ್ಕವನ್ನು ಹೊರಗೆ ಹೇಳುವುದು ನನ್ನ ವೃತ್ತಿಗೆ ಸಲ್ಲದು. ಆದರೆ ಆ ಸಾಲಿನ ಹಿಂದೆ ಏನಿದೆ ಎಂದು ಕಣ್ಣಾರೆ ನೋಡದೆ ಸಹಿ ಹಾಕಲು ಮನಸ್ಸು ಒಪ್ಪಲಿಲ್ಲ. ಬೇಟೆಯ ಮಾರ್ಗದರ್ಶಕರನ್ನು ಕೇಳಿದೆ. ಇಲ್ಲಿ ಅವರನ್ನು ಎಲ್ಲರೂ ಪಿ.ಎಚ್. ಎನ್ನುತ್ತಾರೆ, ಪ್ರೊಫೆಷನಲ್ ಹಂಟರ್ ಎಂಬುದರ ಮೊದಲಕ್ಷರಗಳು. ಅಮೆರಿಕದಿಂದ ಬಂದಿದ್ದ ಬೇಟೆಗಾರರೂ ಒಪ್ಪಿದರು. ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ.

ಕೋಣ ಎಂದರೆ ನಮ್ಮ ಬಂಡೀಪುರದ ಕಾಟಿಯಲ್ಲ, ಕೇಪ್ ಬಫೆಲೋ. ಹಣೆಯ ಮೇಲೆ ಎರಡೂ ಕೊಂಬುಗಳ ಬುಡ ಬೆಸೆದುಕೊಂಡು ಕಲ್ಲಿನ ಕಿರೀಟದಂತೆ ಕಾಣುವ ಪ್ರಾಣಿ. ಮುದಿ ಗಂಡುಗಳು ಹಿಂಡು ಬಿಟ್ಟು, ಕೆಸರಿನಲ್ಲಿ ಹೊರಳುತ್ತ ಇಬ್ಬರು ಮೂವರಾಗಿ ಬದುಕುತ್ತವೆ. ಅವುಗಳನ್ನು 'ಡಗ್ಗಾ ಬಾಯ್' ಎಂದು ಕರೆಯುತ್ತಾರೆ. ಡಗ್ಗಾ ಎಂದರೆ ಕೆಸರು. ಸಂತಾನದ ಕಾಲ ಮುಗಿದ ಇಂಥವನ್ನೇ ಹುಡುಕಬೇಕು ಎಂಬುದು ಪಿ.ಎಚ್. ಅವರ ಕಟ್ಟುನಿಟ್ಟು. ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕೋಣ ಎಂಬ 'ಬಿಗ್ ಫೈವ್' ಪಟ್ಟಿಯನ್ನು ಇಂದು ಪ್ರವಾಸೋದ್ಯಮದ ಜಾಹೀರಾತುಗಳೆಲ್ಲ ಬಳಸುತ್ತವೆ. ಅದನ್ನು ಮೊದಲು ಮಾಡಿದವರು ಬೇಟೆಗಾರರು. ಕಾಲ್ನಡಿಗೆಯಲ್ಲಿ ಎದುರಿಸಲು ಅತಿ ಅಪಾಯಕಾರಿಯಾದ ಐದು ಎಂಬುದು ಅದರ ಅರ್ಥ. ಆ 'ಕಾಲ್ನಡಿಗೆ' ಎಂಬ ಪದದ ತೂಕ ನನಗೆ ಇಂದು ತಿಳಿಯಿತು.

ನದಿಯಂಚಿನ ಜೊಂಡಿನಿಂದ ಹೊರಬಂದ ಹೆಜ್ಜೆಗಳು ಮೊಪಾನೆ ಕಾಡಿನತ್ತ ಹೋಗಿದ್ದವು. ಹೆಜ್ಜೆ ನೋಡುವ ಟ್ರ್ಯಾಕರ್ ಇದೇ ಹಳ್ಳಿಯವರು. ಒಂದು ಗೊರಸಿನ ಗುರುತಿನ ಪಕ್ಕ ಕುಳಿತು, ಅಂಚಿನ ಮರಳು ಇನ್ನೂ ಉದುರಿಲ್ಲದ್ದನ್ನು ತೋರಿಸಿ, ನಸುಕಿನಲ್ಲಿ ಹೋಗಿರುವುದು ಎಂದರು. ಸೆಗಣಿಯನ್ನು ಕೈಯ ಹಿಂಬದಿಯಿಂದ ಮುಟ್ಟಿ ಬಿಸಿ ನೋಡಿದರು. ಬೂದಿ ತುಂಬಿದ ಪುಟ್ಟ ಬಟ್ಟೆಯ ಚೀಲವನ್ನು ಆಗಾಗ ಕೊಡವಿ ಗಾಳಿ ಯಾವ ಕಡೆಗಿದೆ ಎಂದು ನೋಡುತ್ತಿದ್ದರು. ಒಂಬತ್ತು ಗಂಟೆಗೆ ಬಿಸಿಲು ನೆತ್ತಿ ಸುಡತೊಡಗಿತು. ಮೊಪಾನೆಯ ಒಣ ಎಲೆಗಳ ಮೇಲೆ ಸದ್ದಿಲ್ಲದೆ ಕಾಲಿಡುವುದನ್ನು ಅವರು ನನಗೆ ಕಲಿಸಬೇಕಾಯಿತು. ಎರಡು ಬಾರಿ ಗಾಳಿ ತಿರುಗಿತು, ಎರಡು ಬಾರಿಯೂ ಪೊದೆಯ ಆಚೆ ದಡದಡ ಸದ್ದು ಕೇಳಿ ಎಲ್ಲವೂ ಮುಗಿಯಿತು. ಮತ್ತೆ ಹೆಜ್ಜೆ, ಮತ್ತೆ ನಡಿಗೆ.

ಹನ್ನೊಂದರ ಹೊತ್ತಿಗೆ ಮೊದಲು ಕೇಳಿಸಿದ್ದು ಹಕ್ಕಿ. ಕೋಣಗಳ ಮೈಮೇಲಿನ ಉಣ್ಣಿ ಹೆಕ್ಕುವ ಆಕ್ಸ್‌ಪೆಕರ್‌ಗಳು ಚಿರ್ರೆಂದು ಹಾರಿದವು. ಟ್ರ್ಯಾಕರ್ ಕೈ ಎತ್ತಿದರು. ನೆರಳಿನಲ್ಲಿ ಎರಡು ಕೋಣಗಳಿದ್ದವು, ನನಗೆ ಕಂಡದ್ದು ಒಂದು ಮಾತ್ರ. ಅದೂ ಕಂಡದ್ದು ಕಿವಿ ಅಲುಗಿದಾಗ. ಹರಿದ ಕಿವಿ, ಕೂದಲುದುರಿದ ಮುಖ, ತುದಿ ಸವೆದ ಕೊಂಬು. ಅದು ನಮ್ಮತ್ತ ನೋಡುತ್ತಿತ್ತು. ಮೂರು ಕಾಲಿನ ಕೋಲಿನ ಮೇಲೆ ಬಂದೂಕು ಕುಳಿತಿತು. ಕೋಣದಂಥ ಪ್ರಾಣಿಗೆ ಗುಂಡಿನ ಬಲ ಕನಿಷ್ಠ 5,400 ಜೂಲ್ ಇರಬೇಕೆಂಬುದು ನಮೀಬಿಯಾದ ನಿಯಮ. ಆ ಸದ್ದು ನನ್ನ ಹಲ್ಲುಗಳಲ್ಲಿ ಕೇಳಿಸಿತು.

ಕೋಣ ಬೀಳಲಿಲ್ಲ, ಓಡಿತು. ಆಮೇಲಿನ ಅರ್ಧ ಗಂಟೆಯನ್ನು ನಾನು ಮರೆಯಲಾರೆ. ಯಾರೂ ಕದಲಲಿಲ್ಲ. ಗಾಯಗೊಂಡ ಕೋಣ ಸುತ್ತಿ ಬಂದು ತನ್ನದೇ ಹೆಜ್ಜೆಯ ಪಕ್ಕ ಕಾದು ನಿಲ್ಲುತ್ತದಂತೆ. ಕಾಯುತ್ತಿರುವಾಗ ಪೊದೆಯ ಒಳಗಿನಿಂದ ಒಂದು ದೀರ್ಘ ಕೂಗು ಬಂತು. ಹಟ್ಟಿಯಲ್ಲಿ ಕರು ಸತ್ತಾಗ ನಮ್ಮ ಎಮ್ಮೆ ಒಮ್ಮೆ ಹಾಗೆ ಕೂಗಿತ್ತು. ಪ್ರಾಣ ಹೋಗುವ ಕೂಗು ಇದು ಎಂದು ಟ್ರ್ಯಾಕರ್ ಪಿಸುಗುಟ್ಟಿದರು. ಹತ್ತಿರ ಹೋಗಿ ಮತ್ತೊಂದು ಗುಂಡು ಹೊಡೆದರು, ಬಂದೂಕಿನ ತುದಿಯಿಂದ ಕಣ್ಣು ಮುಟ್ಟಿ ನೋಡಿದರು. ಒಂದು ಹಸಿರು ಚಿಗುರನ್ನು ಸತ್ತ ಪ್ರಾಣಿಯ ಬಾಯಿಗೆ ಇಟ್ಟರು, ಕೊನೆಯ ತುತ್ತು ಎಂದು. ಜರ್ಮನ್ನರು ಇಲ್ಲಿಗೆ ತಂದ ಪದ್ಧತಿ ಅದು. ಬೇಟೆಗಾರರು ಟೊಪ್ಪಿ ತೆಗೆದು ಬಹಳ ಹೊತ್ತು ಸುಮ್ಮನೆ ಕುಳಿತರು. ಆಮೇಲೆ ರಕ್ತ ಒರೆಸಿ, ತಲೆ ಎತ್ತಿ ನಿಲ್ಲಿಸಿ ಫೋಟೊ ತೆಗೆಯಲು ಸಿದ್ಧವಾದಾಗ ನಾನು ದೂರ ಹೋಗಿ ನಿಂತೆ. ಆ ಫೋಟೊದ ಆಸೆ ನನಗೆ ಅರ್ಥವಾಗುವುದಿಲ್ಲ. ಕೊಲ್ಲುವುದರಲ್ಲಿ ಸುಖವಿದೆ ಎಂಬುದನ್ನು ನಾನು ಎಂದೂ ಒಪ್ಪಲಾರೆ.

ಇಂಥ ಫೋಟೊಗಳೇ ಅಲ್ಲವೇ ಜಗತ್ತನ್ನು ಕೆರಳಿಸಿದ್ದು. 2015ರ ಜುಲೈನಲ್ಲಿ ಜಿಂಬಾಬ್ವೆಯ ಹ್ವಾಂಗೆ ಉದ್ಯಾನದ ಹೊರಗೆ ಸೆಸಿಲ್ ಎಂಬ ಸಿಂಹ ಅಮೆರಿಕದ ದಂತವೈದ್ಯನ ಬಾಣಕ್ಕೆ ಬಲಿಯಾದಾಗ ನಾನೂ ಕೋಪದಿಂದ ಬರೆದಿದ್ದೆ. ಅದೇ ವರ್ಷ ನಮೀಬಿಯಾದಲ್ಲಿ ಒಂದು ಮುದಿ ಕಪ್ಪು ಘೇಂಡಾಮೃಗವನ್ನು ಹೊಡೆದವರೊಬ್ಬರು ಅದರ ಪರವಾನಗಿಗೆ ಹಿಂದಿನ ವರ್ಷ 3,50,000 ಡಾಲರ್ ಕೊಟ್ಟಿದ್ದರೆಂದು ಓದಿ ಇದೆಂಥ ಹುಚ್ಚು ಎಂದಿದ್ದೆ. ಸೆಸಿಲ್‌ಗಾಗಿ ಬಂದ ಆ ಕೋಪ ಇಂದಿಗೂ ಕರಗಿಲ್ಲ. ಆದರೆ ನೆರೆಯ ಬೋಟ್ಸ್ವಾನಾ 2014ರಲ್ಲಿ ಬೇಟೆ ನಿಷೇಧಿಸಿ 2019ರಲ್ಲಿ ಅದನ್ನು ತೆಗೆದುಹಾಕಿದ್ದು ಏಕೆ ಎಂದು ಆಗ ನಾನು ಕೇಳಿಕೊಳ್ಳಲಿಲ್ಲ. ಅಲ್ಲಿ 1,30,000ದಷ್ಟು ಆನೆಗಳಿವೆ. ಇಡೀ ಕರ್ನಾಟಕದಲ್ಲಿರುವುದು 2023ರ ಗಣತಿಯಂತೆ 6,395.

ಮಧ್ಯಾಹ್ನ ಲ್ಯಾಂಡ್ ಕ್ರೂಸರ್‌ಗೆ ಕೋಣವನ್ನು ಎಳೆದು ಹಾಕಿ ಹಳ್ಳಿಗೆ ತಂದೆವು. ಮರದ ಕೆಳಗೆ ಆಗಲೇ ಜನ ಸೇರಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ, ಅಲ್ಯುಮಿನಿಯಂ ಪಾತ್ರೆ, ಜೋಳದ ಹಿಟ್ಟಿನ ಖಾಲಿ ಚೀಲ. ಬೇಟೆಗಾರರಿಗೆ ತಲೆ ಮತ್ತು ಚರ್ಮ, ಉಳಿದದ್ದೆಲ್ಲ ಹಳ್ಳಿಗೆ. ಇಂಡುನಾ, ಅಂದರೆ ಊರಿನ ಯಜಮಾನರ ಪಾಲು ಮೊದಲು, ಆಮೇಲೆ ವೃದ್ಧರು, ಆಮೇಲೆ ಪಟ್ಟಿಯಲ್ಲಿರುವ ಮನೆಗಳು. ಕರುಳನ್ನೂ ತೊಳೆದು ಹಂಚಿದರು. ಈ ಮಾಂಸವನ್ನು ಯಾರೂ ದಕ್ಷಿಣಕ್ಕೆ ಒಯ್ಯುವಂತಿಲ್ಲ. ಕಾಲುಬಾಯಿ ರೋಗ ತಡೆಯಲು ದೇಶಕ್ಕೆ ಅಡ್ಡಲಾಗಿ ಹಾಕಿರುವ 'ಕೆಂಪು ಗೆರೆ'ಯ ಬೇಲಿಯಿದೆ, ಮುರುರಾನಿ ಗೇಟಿನಲ್ಲಿ ಪ್ರತಿ ವಾಹನವನ್ನೂ ತಪಾಸಣೆ ಮಾಡುತ್ತಾರೆ. ಹೀಗಾಗಿ ಇಲ್ಲಿ ಬಿದ್ದ ಕೋಣದ ಮಾಂಸ ಇಲ್ಲಿಯೇ ಬೇಯುತ್ತದೆ. ಈ ವರ್ಷದ ಬರದಲ್ಲಿ ಅದರ ಬೆಲೆ ಏನೆಂದು ಹೇಳಬೇಕಿಲ್ಲ. ಕಳೆದ ತಿಂಗಳು ಸರ್ಕಾರವೇ 83 ಆನೆಗಳೂ ಸೇರಿ 723 ಪ್ರಾಣಿಗಳನ್ನು ಕೊಂದು ಮಾಂಸ ಹಂಚುವುದಾಗಿ ಘೋಷಿಸಿದೆ.

ಒಬ್ಬ ಅಜ್ಜಿ ನನ್ನ ಪಕ್ಕ ಬಂದು ಕುಳಿತರು. ಕನ್ಸರ್ವೆನ್ಸಿಯ ಕಾವಲುಗಾರ ಅವರ ಮಾತನ್ನು ನನಗೆ ತಿಳಿಸುತ್ತ ಹೋದ. ಬರದಲ್ಲಿ ಒಣಗದೆ ಉಳಿದ ಮೆಕ್ಕೆಜೋಳವನ್ನು ಏಪ್ರಿಲ್‌ನಲ್ಲಿ ಆನೆಗಳು ಒಂದೇ ರಾತ್ರಿ ತಿಂದು ಹೋದವಂತೆ. ನಿಮ್ಮ ಊರಿನಲ್ಲಿ ಆನೆ ಇವೆಯೇ ಎಂದರು. ಇವೆ ಎಂದೆ. ನಾನು ಹುಟ್ಟಿದ್ದು ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ. ರಾಗಿ ತೆನೆ ಕಟ್ಟಿದರೆ ಅಪ್ಪ ರಾತ್ರಿಯಿಡೀ ಅಟ್ಟಣೆಯ ಮೇಲೆ ಇರುತ್ತಿದ್ದರು. ತಮಟೆ ಬಡಿದು, ಪಂಜು ಬೀಸಿ ಆನೆ ಓಡಿಸುತ್ತಿದ್ದರು. ಅದು ಕಾಡಿನೊಳಗೆ ಹೋದ ಮೇಲೆ ಅದೇ ಕೈಯನ್ನು ಜೋಡಿಸಿ "ಹೋಗಪ್ಪ ಗಣಪತಿ" ಎನ್ನುತ್ತಿದ್ದರು. ಕಳೆದ ಶನಿವಾರವಷ್ಟೇ ವಿಂಡ್‌ಹುಕ್‌ನಲ್ಲಿ ನಾಲ್ಕು ಮನೆಯವರು ಸೇರಿ ಗಣಪತಿ ಕೂರಿಸಿದ್ದೆವು ಎಂಬುದನ್ನೂ ಅಜ್ಜಿಗೆ ಹೇಳಿದೆ. ಅವರು ತಲೆದೂಗಿ, "ಹಾಗಾದರೆ ತಿಂದ ಬೆಳೆಗೆ ನಿಮ್ಮ ಅಪ್ಪನಿಗೆ ಏನು ಸಿಕ್ಕಿತು?" ಎಂದು ಕೇಳಿದರು.

ಅಪ್ಪ ಅರ್ಜಿ ಹಾಕಿದ್ದರು. ಪಹಣಿ, ಫೋಟೊ, ಎಲ್ಲ ಕೊಟ್ಟಿದ್ದರು. ಆನೆ ಬಂದ ದಿನಗಳನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಪೆನ್ಸಿಲ್‌ನಿಂದ 'ಆ' ಎಂದು ಗುರುತು ಮಾಡುತ್ತಿದ್ದರು. ಎಷ್ಟು ಆನೆಯೋ ಅಷ್ಟು ಗೀಟು. ಕಚೇರಿಯಲ್ಲಿ ಅದನ್ನು ತೋರಿಸಿದಾಗ ಇದೆಲ್ಲ ದಾಖಲೆಯಲ್ಲ ಎಂದು ಪಕ್ಕಕ್ಕೆ ಸರಿಸಿದರಂತೆ. ಅಂದು ಮನೆಗೆ ಬಂದ ಅಪ್ಪನ ಮುಖ ನನಗೆ ನೆನಪಿದೆ.

ಇಲ್ಲಿನ ಕಾವಲುಗಾರನ ಬೆನ್ನಚೀಲದಲ್ಲಿ ಒಂದು ಕಡತವಿದೆ, ಇವೆಂಟ್ ಬುಕ್ ಎನ್ನುತ್ತಾರೆ. ಪ್ರತಿ ಘಟನೆಗೆ ಹಳದಿ ಕಾರ್ಡು, ತಿಂಗಳ ಮೊತ್ತಕ್ಕೆ ನೀಲಿ, ವರ್ಷದ್ದಕ್ಕೆ ಕೆಂಪು. ಏಪ್ರಿಲ್‌ನ ಹಳದಿ ಕಾರ್ಡನ್ನು ತೆರೆದು ಅಜ್ಜಿಯ ಹೊಲದ ಗುರುತನ್ನು ತೋರಿಸಿದ. ಪೆನ್ಸಿಲ್‌ನ ಗೀಟುಗಳೇ. ಮುಂದಿನ ಬೇಟೆಯ ಕೋಟಾ ಚರ್ಚೆಗೆ ಸಚಿವಾಲಯದವರು ಕುಳಿತಾಗ ಪ್ರಾಣಿಗಣತಿಯ ಜೊತೆ ಮೇಜಿನ ಮೇಲೆ ಈ ಗೀಟುಗಳೂ ಇರುತ್ತವೆ.

ಎಲ್ಲವೂ ಸರಿಯಿದೆ ಎಂದು ನಾನು ಬರೆಯಲಾರೆ. ಒಂದು ವರ್ಷದ ವೋಚರ್‌ಗಳಲ್ಲಿ ವಾಹನದ ಡೀಸೆಲ್‌ಗೆ ಹೋದ ಹಣ ಮನೆಗಳಿಗೆ ಹೋದ ಹಣಕ್ಕಿಂತ ಹೆಚ್ಚಿದೆ, ಹಲವಕ್ಕೆ ರಸೀದಿಯೇ ಇಲ್ಲ. ನನ್ನ ವರದಿಯಲ್ಲಿ ಅದನ್ನು ಕಠಿಣವಾಗಿಯೇ ಬರೆಯುತ್ತೇನೆ. ಅದನ್ನು ಮೊದಲು ಪತ್ತೆ ಮಾಡಿದವರು ಸಭೆಯಲ್ಲಿ ಎದ್ದು ನಿಂತು ಕೇಳಿದ ಇದೇ ಹಳ್ಳಿಯ ಹೆಂಗಸರು ಎಂಬುದನ್ನೂ ಬರೆಯುತ್ತೇನೆ.

ಊಟಕ್ಕೆ ಮೊದಲು ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಹತ್ತಾಗಿತ್ತು, ನಿದ್ದೆಗಣ್ಣಿನಲ್ಲಿದ್ದರು. ಅಪ್ಪನ ಹಳೆಯ ಕ್ಯಾಲೆಂಡರ್‌ಗಳು ಇವೆಯೇ ಎಂದು ಕೇಳಿದೆ. "ಯಾಕವ್ವಾ, ಈ ಹೊತ್ತಿನಲ್ಲಿ?" ಎಂದರು. ಅಟ್ಟದ ಮೇಲೆ ಮೂರೋ ನಾಲ್ಕೋ ಇರಬೇಕಂತೆ, ಉಳಿದವು ಒಲೆಗೆ ಹೋಗಿವೆಯಂತೆ. ಇರುವುದನ್ನು ಇಳಿಸಿ ಟ್ರಂಕಿನಲ್ಲಿ ಇಡಲು ಹೇಳಿದ್ದೇನೆ.