ನೆರೆ ಕಂಟ್ರೋಲ್ ರೂಮು: ಒಂದು ಕರೆ ದೋಣಿಯವರೆಗೆ ತಲುಪಬೇಕಾದರೆ

ಕೃಷ್ಣೆಯ ನೆರೆ ಹೇಳದೆ ಕೇಳದೆ ಬರುವಂಥದ್ದಲ್ಲ. ಘಟ್ಟದಲ್ಲಿ ಮಳೆ ಹಿಡಿಯಬೇಕು, ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಗೇಟು ಎತ್ತಬೇಕು, ಆ ನೀರು ಕರಾಡ, ಸಾಂಗ್ಲಿ ದಾಟಿ ಚಿಕ್ಕೋಡಿ ಸೀಮೆಗೆ ಇಳಿಯಬೇಕು. ಅಷ್ಟರಲ್ಲಿ ಕೈಯಲ್ಲಿ ಹೊತ್ತು ಇರುತ್ತದೆ. ಹಾಗಿದ್ದೂ ನೆರೆ ಬಂದಾಗೆಲ್ಲ ತೋಟದ ಮನೆಗಳ ಮಾಳಿಗೆಯ ಮೇಲೆ ಜನ ಸಿಕ್ಕಿಬೀಳುತ್ತಾರೆ. ಬಹಳ ಸಲ ಇದಕ್ಕೆ ಕಾರಣ ದೋಣಿಯ ಕೊರತೆಯಲ್ಲ, ಸುದ್ದಿ ತಲುಪಬೇಕಾದವರಿಗೆ ಹೊತ್ತಿಗೆ ತಲುಪದ್ದು. ತಾಲ್ಲೂಕಿನ ನೆರೆ ಕಂಟ್ರೋಲ್ ರೂಮಿನ ಕೆಲಸಕ್ಕೆ ಹೊಸದಾಗಿ ಕೂರುವವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಂಕಿ ಓದುವ ವಿಷಯ. ಟಿವಿಯಲ್ಲಿ ಕೊಯ್ನಾ ಹೊರಹರಿವು ಮಾತ್ರ ಬರುತ್ತಿರುತ್ತದೆ. ಅದನ್ನೇ ನಂಬಿ ಕೂತರೆ ಮೋಸ ಹೋಗುತ್ತೀರಿ, ಏಕೆಂದರೆ ಕೊಯ್ನಾ ಆದಮೇಲೆ ವಾರಣಾ ನದಿ ಸೇರುತ್ತದೆ, ನರಸೋಬವಾಡಿಯಲ್ಲಿ ಪಂಚಗಂಗಾ ಸೇರುತ್ತದೆ. ಕೊಯ್ನಾ ಗೇಟು ಇಳಿಸಿದ ದಿನವೂ ಕೊಲ್ಹಾಪುರದ ಕಡೆ ಮಳೆ ಜೋರಿದ್ದರೆ ನಮ್ಮಲ್ಲಿ ನೀರು ಏರುತ್ತದೆ. ಇವೆಲ್ಲ ಕೂಡಿದ ಲೆಕ್ಕ ಸಿಗುವುದು ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಲ್ಲಿ. ಅದರ ಮೇಲೆ ದೂಧಗಂಗೆಯ ಹರಿವು ಸೇರಿಸಿದರೆ ಚಿಕ್ಕೋಡಿ ಸೀಮೆಯ ಕಲ್ಲೋಳದ ಅಂಕಿ. ಅಂಕಿಯ ಜೊತೆಗೆ ಅದನ್ನು ಅಳೆದ ಗಂಟೆಯನ್ನೂ ಕೇಳಿ ಬರೆದುಕೊಳ್ಳಿ. ಬೆಳಗಿನ 6ರ ಅಂಕಿ ವಾಟ್ಸ್‌ಆ್ಯಪ್‌ನಲ್ಲಿ ತಿರುಗಿ ತಿರುಗಿ ಮಧ್ಯಾಹ್ನ ಹೊಸದಾಗಿ ಬಂದು ಕೂರುತ್ತದೆ.

ಒಂದು ಲೆಕ್ಕ ಬಾಯಿಪಾಠ ಇರಲಿ: 1 ಲಕ್ಷ ಕ್ಯುಸೆಕ್ (ಸೆಕೆಂಡಿಗೆ 1 ಲಕ್ಷ ಘನ ಅಡಿ) ಒಂದು ಇಡೀ ದಿನ ಹರಿದರೆ 8.64 ಟಿಎಂಸಿ (1 ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ನಮ್ಮ ಕೆಳಗಿರುವ ಆಲಮಟ್ಟಿ ಜಲಾಶಯದ ಒಟ್ಟು ಸಾಮರ್ಥ್ಯ 123 ಟಿಎಂಸಿ. ಅದರಲ್ಲಿ 20 ಟಿಎಂಸಿ ಜಾಗ ಖಾಲಿ ಇದೆ ಎಂದು ನೆಮ್ಮದಿಪಡುವಂತಿಲ್ಲ. ಒಳಹರಿವು 3 ಲಕ್ಷ ದಾಟಿದ ದಿನ, ಹೊರಗೆ ಬಿಡದಿದ್ದರೆ ಆ ಜಾಗ ಒಂದು ದಿನದೊಳಗೇ ತುಂಬಿಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ತುಂಬಿ ಬಂದವು. ಹಾಗಾಗಿ ಒಂದೇ ನದಿಯ ಅಂಕಿ ನೋಡಿ ಪಕ್ಕದ ತಾಲ್ಲೂಕಿನಿಂದ ದೋಣಿ ತರಿಸಬಹುದು ಎಂದು ಯೋಜನೆ ಹಾಕಿಕೊಳ್ಳಬೇಡಿ. ಆ ದಿನ ಅವರಿಗೂ ದೋಣಿ ಬೇಕಾಗಿರುತ್ತದೆ.

ಅಂಕಿಯನ್ನು ಊರಿಗೆ ಜೋಡಿಸಿಡುವುದು ಮಳೆಗಾಲಕ್ಕೆ ಮುಂಚಿನ ಕೆಲಸ. ಕಲ್ಲೋಳದಲ್ಲಿ ಇಷ್ಟು ಹರಿದರೆ ಈ ಸೇತುವೆ ಮುಳುಗುತ್ತದೆ, ಇಷ್ಟಾದರೆ ಆ ತೋಟದ ವಸತಿಯ ದಾರಿ ಕಡಿಯುತ್ತದೆ ಎಂದು ಗ್ರಾಮ ಆಡಳಿತ ಅಧಿಕಾರಿ, ಪಂಚಾಯಿತಿಯ ಪಿಡಿಒ ಮತ್ತು ಊರಿನ ಹಿರಿಯರನ್ನು ಕೂರಿಸಿಕೊಂಡು ಪಟ್ಟಿ ಮಾಡಬೇಕು. ಜನರನ್ನು ಹೊರತರುವ ಗಡುವು ಮನೆಗೆ ನೀರು ಬರುವ ಹೊತ್ತಲ್ಲ, ದಾರಿ ಕಡಿಯುವ ಹೊತ್ತು. ದಾರಿ ಇರುವಾಗ 400 ಜನರಿಗೆ 8 ಬಸ್ಸು ಸಾಕು. ದಾರಿ ಹೋದಮೇಲೆ ದೋಣಿಗೆ 8 ಜನರಂತೆ 50 ಸರದಿ. ಮೂರು ದೋಣಿ, ಸರದಿಗೆ ಅರ್ಧ ತಾಸು ಎಂದರೂ ಎಂಟು ತಾಸಿಗೂ ಮಿಕ್ಕಿ ಹಿಡಿಯುತ್ತದೆ. ಮಧ್ಯಾಹ್ನ 12ಕ್ಕೆ ಶುರು ಮಾಡಿದರೆ ಕೊನೆಯ ಸರದಿಗಳು ಕತ್ತಲಲ್ಲಿ ಬೀಳುತ್ತವೆ. ಕತ್ತಲಲ್ಲಿ ಹರಿಯುವ ನೀರಿಗೆ ದೋಣಿ ಇಳಿಸುವುದೆಂದರೆ ರಕ್ಷಣೆಗೆ ಹೋದವರನ್ನೇ ಅಪಾಯಕ್ಕೆ ದೂಡಿದಂತೆ.

ಇನ್ನು ಆದೇಶ ಯಾರದು ಎಂಬುದು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದಕ್ಕೊಂದು ವ್ಯವಸ್ಥೆ ಕೊಟ್ಟಿದೆ: ಒಬ್ಬ ಇನ್ಸಿಡೆಂಟ್ ಕಮಾಂಡರ್ (ಒಟ್ಟು ಹೊಣೆ ಹೊತ್ತ ಅಧಿಕಾರಿ), ಅವರ ಕೈಕೆಳಗೆ ಕಾರ್ಯಾಚರಣೆ, ಯೋಜನೆ, ಸರಬರಾಜು ಎಂಬ ಮೂರು ವಿಭಾಗ. ಒಬ್ಬರಿಗೆ ನೇರವಾಗಿ ವರದಿ ಮಾಡುವವರು ಐದಾರು ಜನಕ್ಕಿಂತ ಹೆಚ್ಚಾದರೆ ಹಿಡಿತ ತಪ್ಪುತ್ತದೆ. ತಾಲ್ಲೂಕಿನಲ್ಲಿ ಈ ಹೊಣೆ ಸಾಮಾನ್ಯವಾಗಿ ತಹಶೀಲ್ದಾರರದು. ಕಾಗದದ ಮೇಲೆ ಇಷ್ಟು ಸರಳ. ಕೆಡುವುದು ದಡದಲ್ಲಿ. ಮೇಲಧಿಕಾರಿಗಳು ಬರುತ್ತಾರೆ, ಜನಪ್ರತಿನಿಧಿಗಳು ಬರುತ್ತಾರೆ, ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ದೋಣಿಯವರಿಗೆ ನೇರವಾಗಿ ‘ಮೊದಲು ಆ ಕಡೆ ಹೋಗಿ’ ಅನ್ನುತ್ತಾರೆ. ಗರ್ಭಿಣಿ ಇರುವ ಮನೆಗೆ ಹೊರಟ ದೋಣಿ ಅರ್ಧ ದಾರಿಯಲ್ಲಿ ತಿರುಗುತ್ತದೆ. ಕಂಟ್ರೋಲ್ ರೂಮಿನ ವಹಿಯಲ್ಲಿ ಮಾತ್ರ ‘ದೋಣಿ ಕಳಿಸಿದೆ’ ಎಂದು ಬರೆದಿರುತ್ತದೆ. ಅದಕ್ಕೇ ದೋಣಿಗೆ ಆದೇಶ ಕಾರ್ಯಾಚರಣೆ ಮೇಜಿನಿಂದ ಮಾತ್ರ ಹೋಗಬೇಕು. ‘ಸಾಹೇಬ್ರೇ, ತಾವು ಹೇಳಿದ್ದನ್ನ ಈಗಲೇ ಕಮಾಂಡರ್‌ಗೆ ತಿಳಿಸ್ತೀನಿ’ ಎಂದು ಹೇಳಲು ದಡದಲ್ಲಿ ಒಬ್ಬ ಸಮಾಧಾನದ ಅಧಿಕಾರಿಯನ್ನು ನಿಲ್ಲಿಸಿ. ಎನ್‌ಡಿಆರ್‌ಎಫ್, ಅಗ್ನಿಶಾಮಕ ದಳ, ಸೇನೆ ಬಂದರೆ ಎಲ್ಲಿಗೆ, ಎಷ್ಟು ಜನರಿಗಾಗಿ ಎಂದು ಹೇಳಿ. ಹೇಗೆ ಎಂಬುದು ಅವರ ಮುಖ್ಯಸ್ಥರಿಗೆ ಬಿಟ್ಟದ್ದು. ಪ್ರತಿ ತಂಡಕ್ಕೆ ಆ ಊರಿನ ಒಬ್ಬ ಅಂಬಿಗನನ್ನೋ ರೈತನನ್ನೋ ಕೊಡಿ. ನೀರಿನಡಿಯ ತೆರೆದ ಬಾವಿ, ತಂತಿಬೇಲಿ ಎಲ್ಲಿವೆ ಎಂಬುದು ಅವರಿಗೇ ಗೊತ್ತು.

ಈಗ ಕರೆ ವಹಿ, ಅಂದರೆ ಬಂದ ಕರೆಗಳನ್ನು ಬರೆದಿಡುವ ಪುಸ್ತಕ. ಇದರ ಮೇಲೆ ಎಷ್ಟು ಒತ್ತು ಕೊಟ್ಟರೂ ಕಡಿಮೆಯೇ. ಕರೆ ಮಾಡುವವರ ಫೋನಿನಲ್ಲಿ ಚಾರ್ಜು ಉಳಿದಿರುವುದಿಲ್ಲ, ಹೆಸರು ವಿಳಾಸದಿಂದ ಶುರು ಮಾಡಿದರೆ ಮುಖ್ಯವಾದದ್ದು ಕೇಳುವಷ್ಟರಲ್ಲಿ ಕರೆ ಕಡಿಯುತ್ತದೆ. ಮೊದಲ ಪ್ರಶ್ನೆ ‘ಎಲ್ಲಿದ್ದೀರಿ’. ‘ಪಾಟೀಲರ ತೋಟ’ ಎಂದರೆ ಬರೆದುಕೊಂಡು ಸುಮ್ಮನಾಗಬೇಡಿ, ಒಂದೇ ಊರಲ್ಲಿ ಅಂಥ ತೋಟ ಐದಾರು ಇರುತ್ತವೆ. ಹತ್ತಿರದ ಗುಡಿ, ಸರ್ವೆ ನಂಬರು, ಕರೆಂಟಿನ ಟಿಸಿ (ಟ್ರಾನ್ಸ್‌ಫಾರ್ಮರ್) ಯಾವ ಕಡೆ ಎಂದು ಕೇಳಿ. ಎರಡನೆಯದು ಎಷ್ಟು ಜನ. ಮೂರನೆಯದು ನೀರು ಎಲ್ಲಿಯವರೆಗೆ ಬಂದಿದೆ, ಹೊಸ್ತಿಲಿಗೋ ಕಿಟಕಿಗೋ, ಏರುತ್ತಿದೆಯೋ ನಿಂತಿದೆಯೋ. ಆಮೇಲೆ ಹಾಸಿಗೆ ಹಿಡಿದವರು, ಡಯಾಲಿಸಿಸ್‌ನವರು, ಬಾಣಂತಿ, ಕೂಸು. ಕೊನೆಗೆ ಹೆಸರು ಮತ್ತು ಇನ್ನೊಂದು ಫೋನ್ ನಂಬರು. ಫೋನ್ ಇಡುವ ಮುನ್ನ ‘ಒಂದೇ ಫೋನು ಚಾಲೂ ಇಡ್ರಿ, ಉಳಿದವು ಬಂದ್ ಮಾಡ್ರಿ’ ಎಂದು ಹೇಳಿ.

ಅದೇ ಮನೆಯ ಬಗ್ಗೆ ಬೆಂಗಳೂರಿನ ಮಗ 112ಕ್ಕೆ, ಪುಣೆಯ ಅಳಿಯ ಜಿಲ್ಲಾ ಸಹಾಯವಾಣಿ 1077ಕ್ಕೆ, ಮನೆಯವರು ನಮಗೆ ಕರೆ ಮಾಡುತ್ತಾರೆ. ಮೂರೂ ಬೇರೆ ಬೇರೆ ಎಂದು ಎಣಿಸಿದರೆ ಮೂರು ದೋಣಿ ಒಂದೇ ಮಾಳಿಗೆಗೆ ಹೋಗುತ್ತವೆ, ಪಕ್ಕದ ವಸತಿಗೆ ಯಾರೂ ಹೋಗುವುದಿಲ್ಲ. ಆದ್ದರಿಂದ ಕ್ರಮಸಂಖ್ಯೆ ಕೊಡಬೇಕಾದ್ದು ಕರೆಗಲ್ಲ, ಜಾಗಕ್ಕೆ. ಇನ್ನೊಂದು ನಿಯಮವನ್ನು ಸಡಿಲಿಸಲೇಬಾರದು: ‘ಹತ್ತಿಸಿಕೊಂಡೆವು’ ಎಂದು ದೋಣಿಯವರು ಹೇಳಿದ ಕೂಡಲೇ ಪ್ರಕರಣ ಮುಗಿಸಬೇಡಿ. ಕಾಳಜಿ ಕೇಂದ್ರದ (ಸಂತ್ರಸ್ತರ ತಂಗುದಾಣದ) ವಹಿಯಲ್ಲಿ ಆ ಮನೆಯ ಅಷ್ಟೂ ಹೆಸರು ಬಂದಮೇಲೆ ಮುಗಿಸಿ. ಮುದುಕರೊಬ್ಬರು ದನ ಬಿಟ್ಟು ಬರಲೊಲ್ಲೆ ಎಂದು ಅಲ್ಲೇ ಉಳಿದದ್ದು ಗೊತ್ತಾಗುವುದು ಈ ತಾಳೆಯಲ್ಲೇ.

ದೋಣಿ ಇಳಿಯುವ ಮುನ್ನ ಆ ಕಡೆಯ ಫೀಡರಿನ (ಕರೆಂಟಿನ ಮುಖ್ಯ ಲೈನಿನ) ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಕರೆಂಟು ತೆಗೆದಿದೆ ಎಂಬ ಖಾತ್ರಿ) ಕೈಗೆ ಬಂದಿರಬೇಕು. ನೀರು ಏರಿದಂತೆ ತಂತಿ ದೋಣಿಯವರ ತಲೆಯ ಎತ್ತರಕ್ಕೆ ಬರುತ್ತದೆ. ಊರಿನ ಫೀಡರ್ ತೆಗೆಸಿ ಐಪಿ ಸೆಟ್ (ನೀರಾವರಿ ಪಂಪು) ಫೀಡರ್ ಮರೆತರೆ ತೋಟದಲ್ಲಿ ಕರೆಂಟು ಹಾಗೇ ಇರುತ್ತದೆ. ಯಾವ ಫೀಡರ್, ಯಾರು ಕೇಳಿದರು, ಯಾರು ಕೊಟ್ಟರು, ಎಷ್ಟು ಗಂಟೆಗೆ ಎಂದು ಬರೆದಿಡಿ. ಮತ್ತೆ ಚಾಲೂ ಮಾಡುವ ಮಾತು ಎಲ್ಲ ದೋಣಿ ದಡಕ್ಕೆ ಬಂದ ಮೇಲೆ, ಕೇಳಿದವರ ಸಹಿಯಿಂದಲೇ ಆಗಬೇಕು. ಮುಳುಗಿದ ಕಬ್ಬಿನ ಮೇಲೆ ಹೋದರೆ ಎಂಜಿನ್ನಿನ ಫ್ಯಾನಿಗೆ ರವದಿ (ಕಬ್ಬಿನ ಸೋಗೆ) ಸುತ್ತಿಕೊಳ್ಳುತ್ತದೆ. ಆದ್ದರಿಂದ ದೋಣಿಗಳು ಜೋಡಿಯಾಗಿ ಹೋಗಲಿ, ಚಾಕು ಮತ್ತು ಹುಟ್ಟು ಜೊತೆಗಿರಲಿ. ಟೂ-ಸ್ಟ್ರೋಕ್ ಎಂಜಿನ್ನಿಗೆ ಬರೀ ಪೆಟ್ರೋಲ್ ಹಾಕಿದರೆ ಪಿಸ್ಟನ್ ಹಿಡಿಯುತ್ತದೆ, ಆಯಿಲ್ ಬೆರೆಸಿದ ಕ್ಯಾನಿಗೆ ಗುರುತು ಹಾಕಿಡಿ.

ಕಾಳಜಿ ಕೇಂದ್ರದ ಬಗ್ಗೆ ಎರಡೇ ಮಾತು. ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಜಾಗ, 30 ಜನಕ್ಕೊಂದು ಶೌಚಾಲಯ ಎಂಬುದು ರಾಷ್ಟ್ರೀಯ ಮಾನದಂಡ. ಹಾಗೆ ನೋಡಿದರೆ 20×24 ಅಡಿಯ ಶಾಲಾ ಕೋಣೆ 12 ಜನಕ್ಕೆ ಮಾತ್ರ ಸಾಕು. ಒಂದೇ ಶಾಲೆಗೆ ಊರನ್ನೆಲ್ಲ ತುಂಬುವ ಬದಲು ಮೂರು ಕಟ್ಟಡ ಮೊದಲೇ ಗುರುತಿಸಿ. ಎರಡನೆಯದು, ದನ ಕಟ್ಟಲು ಜಾಗ, ಮೇವು, ನೀರು ಇಲ್ಲದ ಕೇಂದ್ರವನ್ನು ತೆರೆಯಲೇಬೇಡಿ. ಎಮ್ಮೆ ಆಕಳೇ ಆ ಮನೆಯ ಜೀವನಾಧಾರ. ಅವನ್ನು ಬಿಟ್ಟು ಬರಲು ಹೇಳಿದರೆ ಗಂಡಸರು ಹೆಂಡತಿ ಮಕ್ಕಳನ್ನು ಕಳಿಸಿ ತಾವು ಉಳಿಯುತ್ತಾರೆ, ಇಲ್ಲವೇ ರಾತ್ರಿ ಹಾಲು ಕರೆಯಲು ವಾಪಸು ನೀರಿಗಿಳಿಯುತ್ತಾರೆ. ಕೃಷ್ಣಾ ತೀರದಲ್ಲಿ ಜನರನ್ನು ಹೊರತರುವ ಕೆಲಸ ಶುರುವಾಗಬೇಕಾದದ್ದೇ ದನಗಳಿಂದ. ಬಸ್ಸಿಗಿಂತ ಮೊದಲು ಟ್ರ್ಯಾಕ್ಟರ್ ಟ್ರಾಲಿ ಕಳಿಸಿದ ಊರುಗಳಲ್ಲಿ ಮನೆಗಳು ಬೇಗ ಖಾಲಿಯಾಗುತ್ತವೆ.

ನೀರು ಇಳಿದ ಮೇಲೆ ಕರೆ ವಹಿ, ಕೇಂದ್ರದ ವಹಿ, ಎಲ್‌ಸಿ ಪಟ್ಟಿ ಮೂರನ್ನೂ ಪುಟ ಎಣಿಸಿ, ಸಹಿ ಮಾಡಿ ತಹಶೀಲ್ದಾರರಿಗೆ ಒಪ್ಪಿಸಿ. ಪರಿಹಾರದ ಸರ್ವೆಯಲ್ಲಿ ‘ನಮ್ಮ ಮನೆಗೂ ನೀರು ಬಂದಿತ್ತು’ ಎನ್ನುವ ಬಡವರ ಮಾತಿಗೆ ಸಾಕ್ಷಿಯಾಗಿ ಎಷ್ಟೋ ಸಲ ಈ ವಹಿಯ ಒಂದು ಸಾಲು ಬಿಟ್ಟರೆ ಬೇರೇನೂ ಇರುವುದಿಲ್ಲ.