ಸೀಲ್ ಬದಲಿಸುವ ಮೊದಲು ಬ್ರೀದರ್ ನೋಡಿ

ನನ್ನದು ಹಳೇ ಜರ್ಮನ್ ಸೆಡಾನ್. 1.8 ಲೀಟರ್, ನಾಲ್ಕು ಸಿಲಿಂಡರ್, ಪಕ್ಕದಲ್ಲಿ ಬೆಲ್ಟ್‌ನಿಂದ ತಿರುಗುವ ಸೂಪರ್‌ಚಾರ್ಜರ್, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಪಂಪ್. ಟರ್ಬೊ ಅಲ್ಲ, ರೂಟ್ಸ್ ಮಾದರಿಯ ಬ್ಲೋವರ್. ರೂಟ್ಸ್ ಅಂದರೆ ಅಮೆರಿಕದ ಇಂಡಿಯಾನಾದ ಅಣ್ಣ-ತಮ್ಮ. 1860ರಲ್ಲೇ ಇದಕ್ಕೆ ಪೇಟೆಂಟ್ ಪಡೆದವರು, ಆಗಿನ್ನೂ ಪೆಟ್ರೋಲ್ ಕಾರೇ ಇರಲಿಲ್ಲ. ಶಿರಸಿಯಲ್ಲಿ ಇಂಥ ಕಾರು ಇಟ್ಟುಕೊಂಡರೆ ಜನ ಮೊದಲು ಮೈಲೇಜ್ ಕೇಳುತ್ತಾರೆ. ಆಮೇಲೆ ನನ್ನ ಮುಖ ನೋಡುತ್ತಾರೆ.

ಆಯಿಲ್ ಲೀಕ್ ಗೊತ್ತಾಗಿದ್ದು ಅಮ್ಮನಿಂದ. ಅಡಿಕೆ ಹರವುವ ಅಂಗಳದಲ್ಲಿ ಕಪ್ಪು ಕಲೆ. ಅದರ ಮೇಲೆ ಏನೇನು ಮಾತು ಕೇಳಬೇಕಾಯಿತು ಎನ್ನುವುದು ಇಲ್ಲಿ ಬೇಡ.

ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲಿಫ್ಟ್‌ಗೆ ಏರಿಸಿ ನೋಡಿದರು. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗ ಒದ್ದೆ. 'ರಿಯರ್ ಕ್ರ್ಯಾಂಕ್ ಸೀಲ್ ಹೋಗಿದೆ ಸರ್, ಗೇರ್‌ಬಾಕ್ಸ್ ಇಳಿಸಬೇಕು' ಅಂದರು. ಕ್ರ್ಯಾಂಕ್ ಶಾಫ್ಟ್ ಎಂಜಿನ್ನಿನ ಹಿಂದೆ ಹೊರಬರುವಲ್ಲಿ ಆಯಿಲ್ ತಡೆಯುವ ರಿಂಗ್ ಅದು. ಸೀಲ್‌ಗೆ ದುಡ್ಡು ಕಡಿಮೆ, ಇಳಿಸಿ ಏರಿಸುವ ಕೂಲಿಯೇ ಜಾಸ್ತಿ. ನಾನು ಒಪ್ಪಲಿಲ್ಲ. ಒದ್ದೆ ಇರುವುದು ಆಯಿಲ್ ಕೊನೆಗೆ ಬಂದು ನಿಂತ ಜಾಗ ಅಷ್ಟೇ. ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಘಟ್ಟ ಹತ್ತುವಾಗ ಮೂತಿ ಮೇಲೆ, ಹಾಗಾಗಿ ಎಲ್ಲ ಹಿಂದಕ್ಕೇ ಹರಿಯುತ್ತದೆ. ಕೆಳಗಿನ ಪ್ಲಾಸ್ಟಿಕ್ ಟ್ರೇ ಬೇರೆ ಇದೆ. ಎಲ್ಲಿ ಸೋರಿದರೂ ಅದರ ಮೇಲೆ ಹರಡಿ ಹಿಂಬದಿಯ ಅಂಚಿನಿಂದ ತೊಟ್ಟಿಕ್ಕುತ್ತದೆ.

ಮನೆಗೆ ತಂದು ಟ್ರೇ ಬಿಚ್ಚಿದೆ. ಎಂಜಿನ್ ತಣ್ಣಗಿರುವಾಗ ಬ್ರೇಕ್ ಕ್ಲೀನರ್ ಹೊಡೆದು, ಬಟ್ಟೆಯಿಂದ ಒರೆಸಿ, ಒಣಗಲು ಬಿಟ್ಟೆ. ಪ್ರೆಶರ್ ವಾಷರ್ ಬೇಡ, ಕನೆಕ್ಟರ್‌ಗಳೊಳಗೆ ನೀರು ಹೋದರೆ ಅದು ಇನ್ನೊಂದೇ ತಲೆನೋವು. ಅನುಮಾನ ಇರುವ ಜಾಯಿಂಟ್‌ಗಳ ಮೇಲೆ ಟಾಲ್ಕಂ ಪೌಡರ್ ಉದುರಿಸಿದೆ. ಊರೊಳಗೆ ಒಂದು ಸುತ್ತು ಹಾಕಿ ಬಂದರೆ ಬಿಳಿ ಪೌಡರಿನಲ್ಲಿ ಆಯಿಲ್ ಇಳಿದ ದಾರಿ ಕಪ್ಪು ಗೆರೆಯಾಗಿ ಕಾಣುತ್ತದೆ. ಯುವಿ ಡೈ, ಯುವಿ ಟಾರ್ಚ್ ಇದ್ದರೆ ಇನ್ನೂ ಒಳ್ಳೆಯದು. ನನಗೆ ಪೌಡರೇ ಸಾಕಾಯಿತು.

ಮೊದಲು ಸಿಕ್ಕಿದ್ದು ಮುಂದುಗಡೆ. ಕ್ಯಾಮ್ ಟೈಮಿಂಗ್, ಅಂದರೆ ಎಂಜಿನ್ ವಾಲ್ವ್‌ಗಳು ತೆರೆಯುವ ಹೊತ್ತು, ಬದಲಿಸುವ ಎರಡು ವಿದ್ಯುತ್ ಮ್ಯಾಗ್ನೆಟ್‌ಗಳಿವೆ. ಅದರಲ್ಲಿ ಒಂದರ ಪ್ಲಗ್ ಎಳೆದರೆ ಪಿನ್ನುಗಳ ಸುತ್ತ ಆಯಿಲ್. ಇದು ಹೊರಗೆ ಸೋರುವುದಕ್ಕಿಂತ ಕೆಟ್ಟದ್ದು. ತಾಮ್ರದ ಎಳೆಗಳ ಸಂದಿನಲ್ಲಿ ಆಯಿಲ್ ದೀಪದ ಬತ್ತಿಯಲ್ಲಿ ಏರಿದಂತೆ ಏರುತ್ತದೆ, ಇನ್ಸುಲೇಷನ್ ಒಳಗೇ. ಬಿಟ್ಟರೆ ಎಂಜಿನ್ ನಡೆಸುವ ಕಂಪ್ಯೂಟರ್, ಇಸಿಯು ತನಕ. ನಾನು ಇಸಿಯು ಕನೆಕ್ಟರ್ ಬಿಚ್ಚಿ ನೋಡಿದೆ, ಒಣಗಿತ್ತು. ಮ್ಯಾಗ್ನೆಟ್ ಎರಡೂ ಹೊಸದು ಹಾಕಿದೆ.

ಆದರೆ ಹಿಂದಿನ ಒದ್ದೆ ಹೋಗಲಿಲ್ಲ. ಅದೂ ವಿಚಿತ್ರ. ಊರೊಳಗೆ ಓಡಿಸಿದರೆ ಒಣಗಿಯೇ ಇರುತ್ತದೆ. ಕುಮಟಾಕ್ಕೆ ಹೋಗಿ ದೇವಿಮನೆ ಘಟ್ಟ ಹತ್ತಿ ಬಂದರೆ ಒದ್ದೆ.

ಇಲ್ಲೇ ಸೂಪರ್‌ಚಾರ್ಜರ್ ಕಥೆ ಬರುವುದು. ಉರಿದ ಹೊಗೆ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ, ಹೊಸ ಎಂಜಿನ್ನಿನಲ್ಲೂ. ಅದನ್ನು ಬ್ರೀದರ್ ಪೈಪ್ ಮತ್ತೆ ಇನ್‌ಟೇಕ್‌ಗೆ ಒಯ್ಯುತ್ತದೆ. ಸಾದಾ ಎಂಜಿನ್ನಿನಲ್ಲಿ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಎಳೆಯುತ್ತದೆ, ಸಮಸ್ಯೆ ಇಲ್ಲ. ಇದರಲ್ಲಿ ಆಕ್ಸಿಲರೇಟರ್ ಒತ್ತಿದರೆ ಮ್ಯಾನಿಫೋಲ್ಡ್ ಒಳಗೆ ಬೂಸ್ಟ್, ಅಂದರೆ ಬ್ಲೋವರ್ ತುರುಕಿದ ಗಾಳಿಯ ಒತ್ತಡ. ಆಗ ಒಂದು ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಮುಚ್ಚಿಕೊಂಡು, ಹೊಗೆ ಬ್ಲೋವರಿಗೆ ಗಾಳಿ ಬರುವ ಪೈಪಿನ ಕಡೆಗೆ ಹೋಗಬೇಕು. ವಾಲ್ವ್ ಮುಚ್ಚದಿದ್ದರೆ? ಬೂಸ್ಟ್ ಸೀದಾ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತದೆ, ಅಲ್ಲಿಂದ ಆಯಿಲನ್ನು ಸಿಕ್ಕ ಸಿಕ್ಕ ಸೀಲಿನಿಂದ ಹೊರಗೆ ತಳ್ಳುತ್ತದೆ. ಅಂಥಾ ಎಂಜಿನ್ನಿಗೆ ಹೊಸ ಸೀಲ್ ಹಾಕಿದರೆ ಅದೂ ಸೋರುತ್ತದೆ.

ಫಿಲ್ಲರ್ ಕ್ಯಾಪ್ ತೆಗೆದು ಕೈಗವಸು ಮುಚ್ಚಿ ನೋಡುವ ಉಪಾಯ ಇದೆ. ಐಡಲ್‌ನಲ್ಲಿ ಗವಸು ಒಳಗೆ ಎಳೆದುಕೊಂಡರೆ ಸರಿ, ಉಬ್ಬಿದರೆ ತೊಂದರೆ. ನನ್ನದರಲ್ಲಿ ಎಳೆದುಕೊಂಡಿತು. ಎಳೆಯಲೇಬೇಕು, ಐಡಲ್‌ನಲ್ಲಿ ಬೂಸ್ಟ್ ಎಲ್ಲಿದೆ? ನಿಂತಲ್ಲೇ ರೇಸ್ ಮಾಡಿದರೂ ಲೋಡ್ ಇಲ್ಲದೆ ಬ್ಲೋವರಿನ ಗಾಳಿ ವಾಪಸ್ ಬಿಡುವ ಬೈಪಾಸ್ ತೆರೆದೇ ಇರುತ್ತದೆ. ಈ ಲೀಕ್ ಹಿಡಿಯಲು ಘಟ್ಟವೇ ಬೇಕು.

ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪ್ ಇದೆಯಲ್ವಾ, ಅದನ್ನೇ ತಂದೆ. ಒಂದು ತುದಿ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಕೊಳವೆಗೆ ಗಾಳಿ ಆಡದಂತೆ ಬಿಗಿದೆ, ಅದು ಕ್ರ್ಯಾಂಕ್‌ಕೇಸಿಗೇ ಹೋಗುತ್ತದೆ. ಬೆಲ್ಟ್‌ಗೂ ಎಕ್ಸಾಸ್ಟ್‌ಗೂ ತಾಗದಂತೆ ಕಟ್ಟಿ, ಬಾನೆಟ್ ಸಂದಿಯಿಂದ ಕಿಟಕಿಯೊಳಗೆ ತಂದು, ಹಲಗೆಗೆ ಯು ಆಕಾರದಲ್ಲಿ ಅಂಟಿಸಿದೆ. ಒಳಗೆ ಸ್ವಲ್ಪ ನೀರು. ಚೆನ್ನಾಗಿ ಕಾಣಲಿ ಅಂತ ಮುರುಗಲು ಹಣ್ಣಿನ ರಸ ಬೆರೆಸಿದೆ. ಹಲಗೆ ಹಿಡಿಯಲು ತಂಗಿಯ ಮಗ.

ಕತಗಾಲದವರೆಗೆ ಇಳಿಯುವಾಗ ನೀರು ಎಂಜಿನ್ ಕಡೆಗೆ ಬೆರಳಗಲ ಏರಿ ಸುಮ್ನೆ ನಿಂತಿತ್ತು. ವಾಪಸ್ ಹತ್ತುವಾಗ ಮೂರನೇ ಗೇರ್, ಪೂರ್ತಿ ಆಕ್ಸಿಲರೇಟರ್. 'ಮಾವಾ, ಈ ಕಡೆ ಬಂತು' ಅನ್ನುವಷ್ಟರಲ್ಲಿ ಮುರುಗಲು ನೀರು ಪೈಪಿನಿಂದ ಚಿಮ್ಮಿ ಅವನ ಅಂಗಿಯ ಮೇಲೆ. ಬೂಸ್ಟ್ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ವಾಲ್ವ್ ಇರುವುದು ಇನ್‌ಟೇಕ್ ಮ್ಯಾನಿಫೋಲ್ಡ್ ಅಡಿಯ ಪೈಪಿನಲ್ಲಿ, ಕೈ ಹೋಗುವುದೇ ಕಷ್ಟ. ಹೊರಗೆ ತೆಗೆದು ಬಾಯಿಂದ ಊದಿದೆ. ಒಂದು ಕಡೆಯಿಂದ ಮಾತ್ರ ಗಾಳಿ ಹೋಗಬೇಕು. ಎರಡೂ ಕಡೆಯಿಂದ ಹೋಯಿತು. ಒಳಗಿನ ರಬ್ಬರ್ ಉಗುರಿನಷ್ಟು ಗಟ್ಟಿ. ವಾಲ್ವ್ ಜೊತೆ ಪೈಪ್‌ಗಳನ್ನೂ ಬದಲಿಸಿದೆ, ಅವು ಬಿಚ್ಚುವಾಗಲೇ ಸೀಳಿದ್ದವು. ಮತ್ತೆ ಅದೇ ಘಟ್ಟ, ಅದೇ ಹಲಗೆ. ನೀರು ಎಂಜಿನ್ ಕಡೆಗೇ ಇತ್ತು. ರಿಯರ್ ಸೀಲ್ ಹಳೆಯದೇ ಇದೆ, ಆ ಜಾಗ ಈಗ ಒಣಗಿದೆ.

ಇನ್ನು ಆಯಿಲ್ ಫಿಲ್ಟರ್ ಹೌಸಿಂಗಿನ ಗ್ಯಾಸ್ಕೆಟ್ ಸ್ವಲ್ಪ ಬೆವರುತ್ತಿದೆ. ಇದು ಒತ್ತಡದ ದೋಷ ಅಲ್ಲ, ಬರೀ ವಯಸ್ಸು. ಅದನ್ನು ಬಿಚ್ಚಿದರೆ ಕೂಲಂಟ್ ಕೂಡ ಇಳಿಸಬೇಕು. ಗ್ಯಾಸ್ಕೆಟ್ ತರಿಸಿಟ್ಟಿದ್ದೇನೆ. ಮುಂದಿನ ಸಲ ಆಯಿಲ್ ಬದಲಿಸುವಾಗ ಎರಡೂ ಒಟ್ಟಿಗೆ ಮಾಡುವುದು.